ಎರವಲು ಮುಖಗಳನ್ನು ತೊಳೆಯುವ ಒರ್ನೆಲ್ಲಾ

ಚೌಕದ ಬೇಕರಿಯವನೊಬ್ಬನನ್ನು ಬಿಟ್ಟರೆ ಇಟಲಿಯ ಬೆಟ್ಟದೂರು ರೊಂಕಾಲ್ತೊದಲ್ಲಿ ಇನ್ನೂ ಯಾರೂ ಎದ್ದಿಲ್ಲ. ಇಗರ್ಜಿಯ ಪಕ್ಕದ ಏರಿನಲ್ಲಿ ಮೂರು ಗಾಲಿಯ ಆಪೆ ಗಾಡಿಯೊಂದು ಕೆಮ್ಮುತ್ತಾ ಹತ್ತಿ ಬರುತ್ತದೆ. ಗಾಡಿಯ ಹಿಂದೆ ಪೊರಕೆ, ಸಲಿಕೆ, ಕಸದ ಡಬ್ಬ. ಮುಂದೆ, ಓಡಿಸುವವರ ಕಾಲ ಬಳಿ, ಎರಡು ಬಾಟಲಿ ಬೆಚ್ಚಗಿನ ನೀರು. ಏಪ್ರಿಲ್ ಮುಗಿಯುತ್ತಾ ಬಂದರೂ ಬೆಟ್ಟದ ಮೇಲಿನ ಚಳಿ ಇನ್ನೂ ಹಲ್ಲು ಕಟಕಟ ಅನ್ನಿಸುತ್ತದೆ. ಒರ್ನೆಲ್ಲಾ ಫಿನೆಲ್ಲಿ ಗಾಡಿ ನಿಲ್ಲಿಸುತ್ತಾರೆ, ಜೇಬಿನಿಂದ ಅಪ್ಪನ ಕಾಲದ ಕ್ಷೌರದ ಬ್ರಷ್ಷು ತೆಗೆಯುತ್ತಾರೆ, ಚೌಕದ ಮೂಲೆಯಲ್ಲಿ ನಿಂತ ಆಳೆತ್ತರದ ಅಮೃತಶಿಲೆಯ ಮುಂದೆ ಮಂಡಿಯೂರುತ್ತಾರೆ.

"ಏಳ್ರಪ್ಪಾ ಏಳಿ, ಬೆಳಗಾಯ್ತು. ಎಷ್ಟೊತ್ತು ಮಲಗ್ತೀರಾ ಸೋಮಾರಿಗಳಾ?"

ಕಲ್ಲಿನ ಮೇಲೆ ಎಂಟು ಹೆಸರುಗಳಿವೆ. ಈ ಊರನ್ನು ಜರ್ಮನ್ನರ ಹಿಡಿತದಿಂದ ಬಿಡಿಸಲು ಬಂದು, ಇದೇ ಚೌಕದ ಸುತ್ತಮುತ್ತ ಸತ್ತ ಎಂಟು ಮಂದಿ ಬ್ರೆಜಿಲ್ ಸೈನಿಕರ ಹೆಸರು. ಆರು ಹೆಸರುಗಳ ಪಕ್ಕದಲ್ಲಿ ಅಂಗೈಯಗಲದ ಪಿಂಗಾಣಿ ಬಿಲ್ಲೆ, ಅದರ ಮೇಲೆ ಒಂದೊಂದು ಮುಖ. ಒರ್ನೆಲ್ಲಾ ಬ್ರಷ್ಷಿಗೆ ಸೋಪು ತಾಗಿಸಿ ಆ ಮುಖಗಳನ್ನು ತೊಳೆಯುತ್ತಾರೆ. ಮೊದಲು ಹಣೆ, ಆಮೇಲೆ ಕೆನ್ನೆ, ಗಲ್ಲ. ಕಣ್ಣು ಕೊನೆಗೆ, ಬರೀ ನೀರಿನಲ್ಲಿ. ಯಾಕೆ ಹಾಗೆ ಎಂದು ಕೇಳಿದವರನ್ನೇ ಅವರು ವಿಚಿತ್ರವಾಗಿ ನೋಡುತ್ತಾರೆ. "ಅಯ್ಯೋ, ಕಣ್ಣಿಗೆ ಸೋಪು ಹೋದ್ರೆ ಉರಿಯಲ್ವಾ?"

ಇವತ್ತು ಶನಿವಾರ. ದಿನಾ ಮಾಡುವ ಕೆಲಸವೇ, ಆದರೆ ಇವತ್ತು ಕೈ ನಿಧಾನವಾಗಿದೆ. ಐದು ಮುಖ ಮುಗಿಸಿ ಒಂದನ್ನು ಕೊನೆಗೆ ಉಳಿಸಿಕೊಂಡಿದ್ದಾರೆ. ಜೇಬಿನಲ್ಲಿ ಇವತ್ತು ಒಂದು ಸ್ಕ್ರೂಡ್ರೈವರೂ ಇದೆ.

ಅರವತ್ತನಾಲ್ಕು ವರ್ಷದ ಒರ್ನೆಲ್ಲಾ ಊರಿನ ಪೌರಸಭೆಯ ಕಸಗುಡಿಸುವ ಕೆಲಸಗಾರ್ತಿ. ನಿವೃತ್ತಿಗೆ ಇನ್ನು ಸ್ವಲ್ಪವೇ ಕಾಲ ಬಾಕಿ. ಚೌಕ, ಇಗರ್ಜಿಯ ಮೆಟ್ಟಿಲು, ಸ್ಮಶಾನದ ದಾರಿ, ಸಂತೆಕಟ್ಟೆ ಎಲ್ಲವೂ ಅವರ ಪೊರಕೆಗೆ ಸೇರಿದ್ದು. ಸ್ಮಾರಕದ ಕಲ್ಲು ಮಾತ್ರ ಯಾರ ಕೆಲಸಕ್ಕೂ ಸೇರಿಲ್ಲ. ಮೊದಲು ಅವರ ಅಜ್ಜಿ ತೊಳೆಯುತ್ತಿದ್ದರು, ಆಮೇಲೆ ಅಮ್ಮ, ಅಮ್ಮನ ಮಂಡಿ ಹೋದ ಮೇಲೆ ಇವರು. ಹಾಗಾಗಿ ಡ್ಯೂಟಿಗೆ ಒಂದು ಗಂಟೆ ಮುಂಚೆಯೇ ಗಾಡಿ ತೆಗೆಯುತ್ತಾರೆ. ಬೇಸಗೆಯಲ್ಲಿ ಪಾರಿವಾಳದ ಹಿಕ್ಕೆ, ಚಳಿಗಾಲದಲ್ಲಿ ಹಿಮ. ಹಿಮ ಗಟ್ಟಿಯಾದರೆ ಪಿಂಗಾಣಿ ಸೀಳುತ್ತದೆ ಎಂದು ಡಿಸೆಂಬರಿನಲ್ಲಿ ಆರು ಮುಖಗಳಿಗೂ ಉಣ್ಣೆಯ ಬಟ್ಟೆ ಹೊದಿಸುತ್ತಾರೆ. ಅದನ್ನು ಕಂಡರೆ ಚೌಕದಲ್ಲಿ ಕಾಫಿ ಬಾರು ನಡೆಸುವ ತೀನೊಗೆ ಎಲ್ಲಿಲ್ಲದ ನಗು. "ನನ್ ಕಿವಿ ಚಳೀಲಿ ಉದುರಿಹೋಗ್ತಿದೆ ಒರ್ನೆಲ್ಲಾ, ನಂಗೂ ಒಂದು ಹೊದಿಸೇ!" ಎನ್ನುತ್ತಾನೆ. "ನೀನೂ ಊರಿಗೋಸ್ಕರ ಸಾಯಿ, ಹೊದಿಸ್ತೀನಿ," ಎಂದು ಇವರು ತಿರುಗೇಟು ಕೊಡುತ್ತಾರೆ.

ಇಷ್ಟೇ ಆಗಿದ್ದರೆ ಒಳ್ಳೆಯ ಮನಸ್ಸಿನ ಹೆಂಗಸೊಬ್ಬಳ ಕಥೆ ಎಂದು ನಾವೂ ಹೊಗಳಿ ಮುಗಿಸಬಹುದಿತ್ತು. ಆದರೆ ಆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಂತವರಿಗೆ ಏನೋ ತಾಳೆಯಾಗುವುದಿಲ್ಲ. ಹೆಸರುಗಳೆಲ್ಲ ಬ್ರೆಜಿಲಿನವು. ಮುಖಗಳೆಲ್ಲ ಈ ಬೆಟ್ಟದವು. ಅದೇ ಅಗಲ ಕಿವಿ, ಅದೇ ಗಿಣಿಮೂಗು. ವಾಲ್ದೊಮಿರೊ ದಾ ಕ್ರುಜ್ ಎಂಬ ಹೆಸರಿನ ಪಕ್ಕದಲ್ಲಿ ಜೇಬಿಗೆ ಮದುವೆಮನೆಯ ಹೂ ಸಿಕ್ಕಿಸಿಕೊಂಡು ನಗುತ್ತಿರುವವನು ವಾಲ್ದೊಮಿರೊ ಅಲ್ಲವೇ ಅಲ್ಲ. ಅವನು ನೆಲ್ಲೊ, ಒರ್ನೆಲ್ಲಾ ಅವರ ಸೋದರಮಾವ. ಬ್ರೆಜಿಲನ್ನು ಅವನು ಭೂಪಟದಲ್ಲೂ ನೋಡಿದ್ದನೋ ಇಲ್ಲವೋ!

ಇದು ಹೇಗಾಯಿತು ಎಂಬುದನ್ನು ಒರ್ನೆಲ್ಲಾ ಅವರ ತಾಯಿ ಇಯೊಲೆ ಹೇಳಬೇಕು. ವಯಸ್ಸು ತೊಂಬತ್ತೇಳು. ಚೌಕಕ್ಕೆ ಮುಖ ಮಾಡಿದ ಕಿಟಕಿಯ ಬಳಿ ಅವರ ಕುರ್ಚಿ. ಕಣ್ಣು ಮಂಜಾಗಿದೆ, ನಾಲಿಗೆ ಮಾತ್ರ ಇನ್ನೂ ಹರಿತ.

"ಕಲ್ಲು ನಿಲ್ಲಿಸಿದ್ದು ಯುದ್ಧ ಮುಗಿದ ಮಾರನೇ ವರ್ಷ. ಕಲ್ಲುಕುಟಿಗ ಒಂದು ಕಾಸು ಮುಟ್ಲಿಲ್ಲ. ಹೆಸರೆಲ್ಲ ಕೆತ್ತಿ, 'ಬನ್ರಮ್ಮಾ ನೋಡಿ' ಅಂದ. ನಮ್ಮಮ್ಮ ಹೋಗಿ ನೋಡಿದ್ಲು, ಸೊಂಟದ ಮೇಲೆ ಕೈ ಇಟ್ಕೊಂಡು ಕೇಳಿದ್ಲು, 'ಹೆಸರೇನೋ ಸರಿ, ಮುಖ ಎಲ್ಲಯ್ಯಾ? ಮುಖ ಇಲ್ದೆ ನಾನು ಯಾರ ಹತ್ರ ಮಾತಾಡ್ಲಿ?' ಅಂತ."

ಈ ಸೀಮೆಯಲ್ಲಿ ಮುಖವಿಲ್ಲದ ಗೋರಿಕಲ್ಲು ಅನಾಥ ಹೆಣಕ್ಕೆ ಮಾತ್ರ. ಯಾರಿಗೇ ಆಗಲಿ, ಹೂ ಇಡುವಾಗ ನೋಡಲು ಒಂದು ಮುಖ ಬೇಕು. ಊರಿಗಾಗಿ ಪ್ರಾಣ ಕೊಟ್ಟವರಿಗೆ ಮುಖವಿಲ್ಲವೆಂದರೆ ಊರಿನ ಹೆಂಗಸರಿಗೆ ನಾಚಿಕೆ. ಆದರೆ ಬ್ರೆಜಿಲಿನಿಂದ ಫೋಟೊ ತರಿಸುವುದು ಹೇಗೆ? ಯಾರಿಗೆ ಬರೆಯುವುದು, ಯಾವ ಭಾಷೆಯಲ್ಲಿ ಬರೆಯುವುದು? ಆಗ ಊರಿನ ಆರು ಮನೆಗಳಲ್ಲಿ ಆರು ತಾಯಂದಿರಿದ್ದರು. ಅವರ ಮಕ್ಕಳನ್ನು ಯುದ್ಧದ ನಡುವೆ, ಇಟಲಿ ಇನ್ನೂ ಜರ್ಮನ್ನರ ಜೊತೆಗಿದ್ದಾಗ, ರಷ್ಯಾಕ್ಕೆ ಕಳಿಸಲಾಗಿತ್ತು. ದೋನ್ ನದಿಯ ಹಿಮದಲ್ಲಿ ಹೋದವರು ಹೋದರು. ಹೆಣ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಆ ಆರು ತಾಯಂದಿರು ತಂತಮ್ಮ ಮಗನ ಫೋಟೊ ಕೊಟ್ಟು, ಪಿಂಗಾಣಿಯ ಮೇಲೆ ಸುಡಿಸಿ, ಆ ಪರದೇಶಿ ಹೆಸರುಗಳ ಪಕ್ಕದಲ್ಲಿ ಕೂರಿಸಿದರು. ಉಳಿದ ಎರಡು ಹೆಸರಿಗೆ ಕೊಡಲು ಊರಿನಲ್ಲಿ ಮುಖ ಇರಲಿಲ್ಲ.

ಎಂಥ ಲೆಕ್ಕ ನೋಡಿ ಆ ತಾಯಂದಿರದು! ಇವರಿಗೆ ಮುಖವಿಲ್ಲ, ನಮ್ಮವರಿಗೆ ಕಲ್ಲಿಲ್ಲ. ಒಂದು ಹೂವಿನಲ್ಲಿ ಇಬ್ಬರು ಮಕ್ಕಳು. ಬ್ರೆಜಿಲಿನವರ ಮೂಳೆ ಆಮೇಲೆ ಸಮುದ್ರ ದಾಟಿ ರಿಯೊ ಊರಿಗೆ ಹೋಯಿತು, ನೆಲ್ಲೊನ ಮೂಳೆ ಎಲ್ಲಿದೆಯೋ ದೇವರೇ ಬಲ್ಲ. ಈ ಕಲ್ಲಿನ ಕೆಳಗೆ ಹಿಡಿ ಬೂದಿಯೂ ಇಲ್ಲ. ಆದರೂ ಊರಿನ ಯಾವ ಗಂಡಸೂ ಟೋಪಿ ತೆಗೆಯದೆ ಇದರ ಮುಂದೆ ಹಾಯುವುದಿಲ್ಲ.

ಮತ್ತೊಂದು ಗುಟ್ಟೂ ಇದರಲ್ಲಿತ್ತು. ಒರ್ನೆಲ್ಲಾ ಅದನ್ನು ದನಿ ತಗ್ಗಿಸಿ ಹೇಳುತ್ತಾರೆ. "ನಮ್ಮಜ್ಜಿ ಆರ್ಜಿಯಾ ನೆಲ್ಲೊ ಹೆಸರನ್ನ ಎಲ್ಲೂ ಕೆತ್ತಿಸ್ಲಿಲ್ಲ. ಅವನ ಮುಖದ ಕೆಳಗೆ ಅವನ ಹೆಸರೇ ಬಂದ್ರೆ ಅವನು ಸತ್ತ ಅಂತಾಯ್ತಲ್ಲ? ಬೇರೆಯವರ ಹೆಸರಿನ ಪಕ್ಕ ಇದ್ರೆ ಮುಖ ಎರವಲು ಕೊಟ್ಟಿದ್ದಾನೆ ಅಷ್ಟೇ. ಮನೇಲೂ ಅವನ ಫೋಟೊ ಇಡೋಕೆ ಬಿಡ್ಲಿಲ್ಲ. 'ನೆಲ್ಲೊ ಫೋಟೊ ಈ ಹೊಸ್ತಿಲು ದಾಟಿದ ದಿನ ನನ್ ಮಗ ಸತ್ತ ಹಾಗೆ, ತಿಳ್ಕೊಳ್ಳಿ,' ಅಂದಿದ್ಲು. ಬಾಗಿಲಿಗೆ ಚಿಲಕಾನೂ ಹಾಕಿಸ್ತಿರ್ಲಿಲ್ಲ. ಅವನು ಯಾವ ಹೊತ್ತಿಗೆ ಬರ್ತಾನೋ ಅಂತ."

ಆರ್ಜಿಯಾ ಅಜ್ಜಿ ಹೋಗಿ ನಲವತ್ತು ವರ್ಷವಾಯಿತು. ಬಾಗಿಲಿಗೆ ಇವತ್ತಿಗೂ ಚಿಲಕವಿಲ್ಲ, ಬೀಗವಿಲ್ಲ. ಇಯೊಲೆ ಈಗ ಆ ಕಾವಲಿನಲ್ಲಿದ್ದಾರೆ. ಒರ್ನೆಲ್ಲಾ ಬೆಳಗಿನ ಕೆಲಸ ಮುಗಿಸಿ ಮನೆಗೆ ಬಂದೊಡನೆ ಕಿಟಕಿಯ ಬಳಿಯಿಂದ ಬರುವ ಮೊದಲ ಪ್ರಶ್ನೆ ಒಂದೇ: "ನೆಲ್ಲೊ ಮುಖ ತೊಳೆದ್ಯೇನೇ?" "ತೊಳೆದೆ ಅಮ್ಮ." ಅದಾದ ಮೇಲೆಯೇ ಕಾಫಿ.

ಬಾಗಿಲು ತೆರೆದಿಟ್ಟದ್ದಕ್ಕೆ ಒಮ್ಮೆ ಒಬ್ಬ ಬಂದೂ ಇದ್ದ. ಯುದ್ಧದ ಕೊನೆಯ ವಸಂತ, ಒಂದು ಮುಸ್ಸಂಜೆ. ಇಯೊಲೆಗೆ ಆಗ ಹದಿನೇಳು. "ಹೊಸ್ತಿಲಲ್ಲಿ ಬೂಟಿನ ಸದ್ದಾಯ್ತು. ಅಮ್ಮ ಒಲೆ ಮುಂದಿಂದ ಹಾರಿ ಎದ್ದು, 'ನೆಲ್ಲೊ!' ಅಂದ್ಲು. ನೋಡಿದ್ರೆ ಯಾರೋ ಕಪ್ಪು ಹುಡುಗ, ಬ್ರೆಜಿಲ್ ಸಿಪಾಯಿ, ಮಳೇಲಿ ನೆಂದು ತೊಪ್ಪೆಯಾಗಿದ್ದ. ಅಮ್ಮ ಅವನ ಕೈ ಹಿಡಿದು ಒಳಗೆ ಕರೆದ್ಲು. ಆಮೇಲೆ ನೆಲ್ಲೊ ಕುರ್ಚೀನೇ ಒಲೆ ಹತ್ರ ಎಳೆದು ಕೂರ್ಸಿದ್ಲು. ಮನೇಲಿದ್ದಿದ್ದು ಚೆಸ್ಟ್‌ನಟ್ ಹಿಟ್ಟಿನ ಗಂಜಿ ಅಷ್ಟೇ. ಮೂರು ಬಟ್ಟಲು ಕುಡಿದ ಕಣೇ! ಎದ್ದು ಹೋಗುವಾಗ ಎದೆ ಮುಟ್ಟಿಕೊಂಡು ಹೆಸರು ಹೇಳ್ದ. ನಮ್ ಕಿವಿಗೆ 'ವಾಲ್' ಅಂತ ಬಿತ್ತು, ಮಿಕ್ಕಿದ್ದು ತಿಳೀಲಿಲ್ಲ."

ಆ ವಾರವೇ ಚೌಕದಲ್ಲಿ ಕಾಳಗವಾಯಿತು. ಮುಂದೆ ಕಲ್ಲು ನಿಂತಾಗ ವಾಲ್ ಎಂದು ಶುರುವಾಗುವ ಹೆಸರು ಒಂದೇ ಒಂದಿತ್ತು. ಆರ್ಜಿಯಾ ತನ್ನ ಮಗನ ಮುಖವನ್ನು ಅದರ ಪಕ್ಕದಲ್ಲೇ ಕೂರಿಸಿದಳು. "ಮಗನಿಗೆ ಅಂತ ಬಾಗಿಲು ತೆಗೆದಿಟ್ಟೆ, ಇನ್ನೊಬ್ಬ ತಾಯಿ ಮಗ ಬಂದ. ಅವನನ್ನ ಬರಿಗೈಲಿ ಕಳಿಸ್ಲಾ?" ಎಂದಳಂತೆ.

ಹೀಗೇ ನಡೆದುಕೊಂಡು ಬಂದಿತ್ತು. ಹೋದ ಶರತ್ಕಾಲದಲ್ಲಿ ಊರಿನ ಮೇಯರ್ ಫಾಬ್ರಿತ್ಸಿಯೊ, ಎಲ್ಲರ ಬಾಯಲ್ಲಿ ಫಾಬಿ, ಬಾರಿನಲ್ಲಿ ಒರ್ನೆಲ್ಲಾರನ್ನು ಹುಡುಕಿಕೊಂಡು ಬಂದ. ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದ. ಎರವಲು ತಂದಂತಿದ್ದ ಟೈ ಕಟ್ಟಿಕೊಂಡು, ಕತ್ತು ನೆಟ್ಟಗೆ ಮಾಡಿ ಕುಳಿತ ಕಪ್ಪು ಹುಡುಗ, ದೊಡ್ಡ ಕಣ್ಣು. ವಾಲ್ದೊಮಿರೊನ ತಂಗಿಯ ಮಗಳು ಕಳಿಸಿದ್ದು.

"ಒರ್ನೆಲ್ಲಕ್ಕಾ, ನಿಜವಾದ ವಾಲ್ದೊಮಿರೊ ಇವನೇ. ಏಪ್ರಿಲಲ್ಲಿ ವಿಮೋಚನೆಯ ದಿನಕ್ಕೆ ಅವರು ಬರ್ತಾರಂತೆ, ಬ್ರೆಜಿಲಿಂದ."

ಒರ್ನೆಲ್ಲಾ ಕುಣಿದಾಡಿಬಿಟ್ಟರು. ತೀನೊ ಇಣುಕಿ ನೋಡಿ, "ನಿಮ್ ನೆಲ್ಲೊಗಿಂತ ಚೆನ್ನಾಗಿದ್ದಾನಲ್ಲೇ!" ಎಂದ. ಆ ಮಾತು ಕೇಳಿದಾಗಲೇ ಅವರಿಗೆ ಹೊಳೆದದ್ದು, ಈ ಮುಖ ಬಂದರೆ ಯಾವ ಮುಖ ಇಳಿಯಬೇಕು ಎಂದು. ಕೈಯಲ್ಲಿದ್ದ ಕಾಫಿ ಅಲ್ಲೇ ತಣ್ಣಗಾಯಿತು.

ಫಾಬಿ ಕಲ್ಲುಮನಸ್ಸಿನವನಲ್ಲ. "ಎರಡನ್ನೂ ಇಡೋಣ ಅಕ್ಕ. ನೆಲ್ಲೊ ಕೆಳಗೆ ಅವನ ಹೆಸರು ಬರೆಸೋಣ," ಎಂದ.

"ಲೇ ಫಾಬಿ, ನೀನು ಚಡ್ಡಿ ಹಾಕೋದು ಕಲಿಯೋ ಮೊದ್ಲಿಂದ ನಿನ್ನ ಬಲ್ಲೆ, ನನ್ನ ಸಮಾಧಾನಕ್ಕೆ ಏನೇನೋ ಹೇಳ್ಬೇಡ," ಎಂದರು ಒರ್ನೆಲ್ಲಾ. "ಆ ಹುಡುಗರು ನಮ್ಮನ್ನ ಬಿಡಿಸೋಕೆ ಬಂದವರು. ನೆಲ್ಲೊ ರಷ್ಯಾದಲ್ಲಿ ಯಾರನ್ನ ಬಿಡಿಸೋಕೆ ಹೋಗಿದ್ದ? ಬೇರೆಯವರ ಊರಿಗೆ ನುಗ್ಗೋಕೆ ಕಳಿಸಿದ್ರು, ಹೋದ. ಪಾಪದ ಹುಡುಗ, ಒಪ್ಪಿದೆ. ಆದ್ರೆ ಆ ಕಲ್ಲಿನ ಮೇಲೆ ಹೆಸರು ಬರೆಸ್ಕೊಳ್ಳೋ ಹಕ್ಕು ಅವನಿಗಿಲ್ಲ. ಮುಖ ಎರವಲು ಕೊಟ್ಟಿದ್ದ. ಎರವಲು ಎರವಲೇ ಕಣೋ. ಇಷ್ಟು ವರ್ಷ ಆ ಹುಡುಗ ಇನ್ನೊಬ್ಬನ ಮುಖ ಹೊತ್ತು ನಿಂತಿದ್ದಾನೆ, ಈಗ ಅವನದೇ ಬಂದಿದೆ. ಬೇಡ ಅನ್ನೋಕೆ ನಾನ್ಯಾರು?"

ಮಾತು ದೊಡ್ಡದು. ಆದರೆ ಬಿಲ್ಲೆ ತೆಗೆದ ಮೇಲೆ ನೆಲ್ಲೊ ಎಲ್ಲಿಗೆ ಹೋಗಬೇಕು? ಭೂಮಿಯ ಮೇಲೆ ಅವನಿಗೆ ಇದ್ದ ಜಾಗ ಅದೊಂದೇ. ಮನೆಗೆ ತಂದರೆ ಅಜ್ಜಿಯ ಮಾತು ಮುರಿದ ಹಾಗೆ. ತೊಂಬತ್ತೇಳರ ತಾಯಿಗೆ, ದಿನಾ ಬಾಗಿಲು ನೋಡುವ ಆ ಜೀವಕ್ಕೆ, ನಿನ್ನ ಅಣ್ಣ ಸತ್ತ ಎಂದು ಹೇಳಿದ ಹಾಗೆ. ಆರು ತಿಂಗಳು ಒರ್ನೆಲ್ಲಾ ಅಮ್ಮನ ಮುಂದೆ ಈ ಸುದ್ದಿ ಎತ್ತಲೇ ಇಲ್ಲ. ಊರಿನವರೂ ಬಾಯಿಗೆ ಬೀಗ ಹಾಕಿಕೊಂಡರು, ತೀನೊ ಸಹ!

ಶನಿವಾರದ ಬೆಳಗಿಗೆ ವಾಪಸ್ಸು ಬರೋಣ. ಒರ್ನೆಲ್ಲಾ ನೆಲ್ಲೊನ ಮುಖವನ್ನು ಎಲ್ಲರಿಗಿಂತ ಹೆಚ್ಚು ಹೊತ್ತು ತೊಳೆಯುತ್ತಾರೆ. ಆಮೇಲೆ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಕಂಚಿನ ತಿರುಪು ಜಪ್ಪಯ್ಯ ಅಂದರೂ ಅಲುಗುವುದಿಲ್ಲ. "ಹಟಮಾರಿ, ಥೇಟ್ ಅಜ್ಜಿ," ಎಂದು ಬೈಯುತ್ತಾ, ಮೂಗು ಒರೆಸಿಕೊಳ್ಳುತ್ತಾ, ಎಣ್ಣೆ ಬಿಟ್ಟು ಕಾಯುತ್ತಾರೆ. ಕೊನೆಗೆ ಬಿಲ್ಲೆ ಕೈಗೆ ಬರುತ್ತದೆ. ಅದರ ಹಿಂದಿನ ಕಲ್ಲು ಬಿಸಿಲು ಮಳೆ ಕಾಣದೆ ಹಾಲಿನಷ್ಟು ಬೆಳ್ಳಗಿದೆ. ಮೊಬೈಲಿನ ಆ ಚಿತ್ರದಿಂದ ಸುಡಿಸಿ ತಂದ ವಾಲ್ದೊಮಿರೊನ ಹೊಸ ಬಿಲ್ಲೆ ಒಂದು ಎಳೆ ಚಿಕ್ಕದು. ಅದನ್ನು ಕೂರಿಸಿದ ಮೇಲೂ ಸುತ್ತ ಒಂದು ಬಿಳಿ ಅಂಚು ಉಳಿಯುತ್ತದೆ. ಒರ್ನೆಲ್ಲಾ ಅದನ್ನು ತಿಕ್ಕಿ ಮಾಸಲು ಮಾಡಬಹುದಿತ್ತು, ಮಾಡುವುದಿಲ್ಲ. ನೆಲ್ಲೊನನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟುಕೊಳ್ಳುತ್ತಾರೆ.

"ನೆಲ್ಲೊ ಮುಖ ತೊಳೆದ್ಯೇನೇ?" ಕಿಟಕಿಯಿಂದ ಪ್ರಶ್ನೆ ಬರುತ್ತದೆ.

"ತೊಳೆದೆ ಅಮ್ಮ." ಸುಳ್ಳೇನಲ್ಲ.

ಭಾನುವಾರ ವಿಮೋಚನೆಯ ಹಬ್ಬ, ಚೌಕದ ತುಂಬ ಜನ. ವಾದ್ಯದವರು, ಬಾವುಟ, ಫಾಬಿಯ ಎದೆಯ ಮೇಲೆ ಮೇಯರ್ ಪಟ್ಟಿ. ಬ್ರೆಜಿಲಿನ ಗುಡ್ಡಗಾಡಿನ ಮಿನಾಸ್ ಸೀಮೆಯಿಂದ ಬಂದ ವಾಲ್ದೊಮಿರೊನ ತಂಗಿಯ ಮಗಳು ಇವೊನೀ, ಶಾಲೆಯೊಂದರಲ್ಲಿ ಅಡುಗೆ ಮಾಡುವ ಅರವತ್ತರ ಹೆಂಗಸು, ಸೊಸೈಟಿ ಅಂಗಡಿಯಿಂದ ತಂದ ಹಾಗೆ ಚೀಲದಲ್ಲಿ ಒಂದಿಷ್ಟು ಕಪ್ಪು ಬೀನ್ಸ್ ಕಾಳು ಹಿಡಿದುಕೊಂಡು ಬಂದಿದ್ದಾರೆ, ಊರಿಗೆ ಉಡುಗೊರೆ. ಭಾಷಣವೆಲ್ಲ ಮುಗಿದ ಮೇಲೆ ಕಲ್ಲಿನ ಹತ್ತಿರ ಹೋಗಿ ಸೋದರಮಾವನ ಮುಖ ಸವರುತ್ತಾರೆ. ಬೆರಳು ಬಿಲ್ಲೆ ದಾಟಿ ಆ ಬಿಳಿ ಅಂಚಿಗೆ ಬಂದು ನಿಲ್ಲುತ್ತದೆ. ಅಂಚನ್ನೇ ಸುತ್ತ ಒಂದು ಬಾರಿ ಸವರಿ, ತಿರುಗಿ ಕೇಳುತ್ತಾರೆ, "ಇಲ್ಲಿ ಮೊದ್ಲು ಯಾರಿದ್ರು?"

ಅವರದು ಪೋರ್ಚುಗೀಸ್, ಇವರದು ಇಟಾಲಿಯನ್. ಅರ್ಧ ಕಿವಿಯಿಂದ, ಅರ್ಧ ಕೈಸನ್ನೆಯಿಂದ ಅರ್ಥವಾಗುತ್ತದೆ. ಈ ಪ್ರಶ್ನೆ ಮಾತ್ರ ಪೂರ್ತಿ ಅರ್ಥವಾಯಿತು. ಫಾಬಿ ನೆಲ ನೋಡುತ್ತಾನೆ. ಒರ್ನೆಲ್ಲಾ ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳುತ್ತಾರೆ: ಇವನು ಯಾರು, ಎಲ್ಲಿ ಹೋದ, ಯಾವ ಸೈನ್ಯದಲ್ಲಿ ಹೋದ, ಇವನ ತಾಯಿ ಏನು ಮಾಡಿದಳು. ಪರರ ಹೆಸರಿನ ಮೇಲೆ ನಮ್ಮವನನ್ನು ಕೂರಿಸಿದ್ದಕ್ಕೆ ಇವರು ಸಿಟ್ಟಾದರೆ ಅದು ನ್ಯಾಯವೇ.

ಇವೊನೀ ಬಿಲ್ಲೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡುತ್ತಾರೆ. ಒಮ್ಮೆ ನೆಲ್ಲೊನನ್ನು, ಒಮ್ಮೆ ವಾಲ್ದೊಮಿರೊನನ್ನು.

"ನಮ್ಮಮ್ಮ ಸಾಯೋವರೆಗೂ ಒಂದೇ ಮಾತು ಕೇಳ್ತಿದ್ಲು," ಎನ್ನುತ್ತಾರೆ. "'ಅಷ್ಟು ದೂರದಲ್ಲಿ, ಅಣ್ಣ ಬಿದ್ದ ಜಾಗದಲ್ಲಿ, ಅವನ ಹತ್ರ ಯಾರಾದ್ರೂ ಇದ್ದಾರೋ ಇಲ್ವೋ' ಅಂತ. ಇವನಿದ್ನಲ್ಲ!"

ನೆಲ್ಲೊನ ಹಣೆಗೆ ಮುತ್ತಿಟ್ಟು ಬಿಲ್ಲೆಯನ್ನು ವಾಪಸ್ಸು ಕೊಡುತ್ತಾರೆ. "ನನ್ ಗಂಡ ಫ್ಯಾಕ್ಟರಿ ಗೇಟ್ ಕಾಯ್ತಾನೆ. ಅವನು ಹೇಳೋದು, ಬದಲಿಯವನು ಬಂದ ಮೇಲೆ ಮೊದಲಿನವನನ್ನ ಒಂದು ನಿಮಿಷಾನೂ ನಿಲ್ಲಿಸ್ಕೋಬಾರದು ಅಂತ. ಇವನ ಪಾಳಿ ಮುಗೀತು ಅಕ್ಕ. ಮನೆಗೆ ಕರ್ಕೊಂಡು ಹೋಗಿ."

ಚೌಕದಲ್ಲಿ ಟೋಪಿ ಹಾಕಿಕೊಂಡಿದ್ದವರೆಲ್ಲ ಟೋಪಿ ತೆಗೆದಿದ್ದರು. ತೀನೊ ಬಾರಿನ ಬಾಗಿಲಲ್ಲಿ ನಿಂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅದನ್ನು ಅವನು ಈಗ ಒಪ್ಪುವುದಿಲ್ಲ.

ಸಂಜೆ ಇವೊನೀ ಜೊತೆಗೆ ಒರ್ನೆಲ್ಲಾ ಮನೆಗೆ ಹೋಗುತ್ತಾರೆ. ಹೊಸ್ತಿಲಲ್ಲಿ ಅಜ್ಜಿಯ ಮಾತು ನೆನಪಾಗಿ ನಿಲ್ಲುತ್ತಾರೆ. ಇವೊನೀ ಹಿಂದಿನಿಂದ ಬೆನ್ನಿಗೆ ಕೈ ಕೊಡುತ್ತಾರೆ. ಕಿಟಕಿಯ ಬಳಿ ಹೋಗಿ ಒರ್ನೆಲ್ಲಾ ಮೊದಲು ವಾಲ್ದೊಮಿರೊನ ಚಿತ್ರ ತೋರಿಸುತ್ತಾರೆ. ಇಯೊಲೆ ಕಣ್ಣಿನ ಹತ್ತಿರ ಹಿಡಿದು ನೋಡುತ್ತಾರೆ. "ಗಂಜಿ ಕುಡಿದ ಹುಡುಗ ಇವನೋ ಅಲ್ವೋ, ಗೊತ್ತಾಗ್ತಿಲ್ಲ. ಇಂಥ ಹುಡುಗರು ಬೇಕಾದಷ್ಟು ಜನ ಇದ್ರು. ಮೂರು ಬಟ್ಟಲು ಕುಡಿಯೋ ಹಾಗೇ ಇದ್ದಾನೆ ಬಿಡು." ಇವೊನೀ ನಗುತ್ತಾರೆ. ಆಮೇಲೆ ಒರ್ನೆಲ್ಲಾ ಕರವಸ್ತ್ರವನ್ನು ಅಮ್ಮನ ಮಡಿಲಲ್ಲಿಟ್ಟು ಬಿಚ್ಚುತ್ತಾರೆ.

ಇಯೊಲೆ ಬೆರಳಿನಿಂದಲೇ ಗುರುತು ಹಿಡಿಯುತ್ತಾರೆ. ಜೇಬಿನ ಹೂ, ಅಗಲ ಕಿವಿ. ಸೆರಗಿನಂತೆ ಹೊದ್ದ ಶಾಲಿನ ತುದಿಯನ್ನು ನಾಲಿಗೆಗೆ ತಾಗಿಸಿ ಬಿಲ್ಲೆಯ ಅಂಚನ್ನು ಒರೆಸುತ್ತಾರೆ.

"ಕಿವಿ ಹಿಂದೆ ತೊಳೆದೇ ಇಲ್ಲ ನೀನು," ಎಂದು ಮಗಳನ್ನು ಬೈಯುತ್ತಾರೆ. ಆಮೇಲೆ ಬಿಲ್ಲೆಯ ಕಡೆ ತಿರುಗುತ್ತಾರೆ. "ಬಂದ್ಯಾ? ಎಷ್ಟು ಹೊತ್ತೋ ನಿಂದು. ಅಮ್ಮ ಕಾದೂ ಕಾದೂ ಮಲಗಿದ್ಲು."

ಮೂವರೂ ಅಳುತ್ತಾರೆ. ಒಲೆಯ ಮೇಲೆ ಇವೊನೀ ತಂದ ಕಾಳು ಬೇಯುತ್ತದೆ. ಊಟದ ಮೇಜಿನ ಮೇಲೆ, ನೆಲ್ಲೊನ ಕುರ್ಚಿಯ ಮುಂದೆ, ಬಿಲ್ಲೆಯನ್ನು ನೀರಿನ ಲೋಟಕ್ಕೆ ಒರಗಿಸಿಡುತ್ತಾರೆ. ಊಟಕ್ಕೆ ಕೂರುವ ಮೊದಲು ಇಯೊಲೆ ಒಂದು ಸುತ್ತು ಎಲ್ಲರ ಕಡೆ ನೋಡಿ, ಹೇಳುತ್ತಾರೆ:

"ಒರ್ನೆಲ್ಲಾ, ಬಾಗಿಲು ಹಾಕೇ. ಎಲ್ಲರೂ ಬಂದಾಯ್ತು."

ಬಾಗಿಲಿಗೆ ಚಿಲಕವೆಲ್ಲಿದೆ? ಹಿಂದೆ ಇದ್ದ ಕೊಂಡಿಯೂ ತುಕ್ಕು ಹಿಡಿದು ಎಂದೋ ಹೋಗಿದೆ. ಒರ್ನೆಲ್ಲಾ ಒಂದು ಕುರ್ಚಿಯನ್ನು ಎಳೆದು ಬಾಗಿಲಿಗೆ ಒತ್ತಿ ನಿಲ್ಲಿಸುತ್ತಾರೆ.

ಸೋಮವಾರ ಬೆಳಿಗ್ಗೆ ಚೌಕದಲ್ಲಿ ಮತ್ತೆ ಆಪೆ ಗಾಡಿಯ ಕೆಮ್ಮು. ಭಾನುವಾರದ ಕಾಗದದ ಬಾವುಟಗಳೆಲ್ಲ ನೆಲದ ಮೇಲೆ, ಗುಡಿಸಲು ದಂಡಿಯಾಗಿ ಬಿದ್ದಿವೆ. ಒರ್ನೆಲ್ಲಾ ಮೊದಲು ಕಲ್ಲಿನ ಮುಂದೆ ಮಂಡಿಯೂರುತ್ತಾರೆ. ನಿವೃತ್ತಿಗೆ ಮುಂಚೆ ನಿಮಗಿನ್ನೇನು ಬೇಕು ಎಂದು ಕೇಳಿದರೆ ಬ್ರಷ್ಷು ನಿಲ್ಲಿಸದೆಯೇ ಉತ್ತರ ಕೊಡುತ್ತಾರೆ. "ನಂಗೇನು ಬೇಕು? ಇನ್ನೂ ಐದು ಜನ ನಮ್ಮ ಹುಡುಗರು ಪಾಳೀಲಿ ನಿಂತಿದ್ದಾರೆ. ಅವರ ಮನೆಯವರು ಯಾರೂ ಈಗ ಊರಲ್ಲಿಲ್ಲ, ಇರೋಳು ನಾನೊಬ್ಬಳೇ. ಬ್ರೆಜಿಲಲ್ಲಿ ಯಾರದೋ ಮನೆ ಪೆಟ್ಟಿಗೇಲಿ ಈ ಐದು ಹೆಸರಿನವರ ನಿಜವಾದ ಮುಖ ಇದ್ದೇ ಇರುತ್ತೆ. ಬರ್ಲಿ. ನಮ್ಮ ಹುಡುಗರನ್ನೆಲ್ಲ ನಮ್ಮನೆಗೇ ಕರ್ಕೊಂಡು ಹೋಗಿ ಆಮೇಲೆ ನಾನು ಪೊರಕೆ ಕೆಳಗಿಡ್ತೀನಿ."

ಎದುರು ಮನೆಯ ಕಿಟಕಿ ತೆರೆಯುತ್ತದೆ. ಮುದಿ ದನಿ ಚೌಕವನ್ನು ದಾಟಿ ಬರುತ್ತದೆ.

"ವಾಲ್ದೊ ಮುಖ ತೊಳೆದ್ಯೇನೇ?"

"ಅವನದೇ ಮೊದಲು ಅಮ್ಮ!"